ಅಕ್ಕಡಿ ಸಾಲು

“ಗುರುಗಳೇ, ನನ್ನ ಪಕ್ಕ ಕೂರುವ ಚನ್ನಮಲ್ಲನಿಗೆ ಒಂದು ಮಾತು ತಲೆಗೆ ಹತ್ತುವಷ್ಟರಲ್ಲಿ ನಾನು ಒಂದು ಪಾಠವನ್ನೇ ಮುಗಿಸಿರುತ್ತೇನೆ. ಅವನು ಕೇಳಿದ್ದನ್ನೇ ಕೇಳುತ್ತಾನೆ, ನಾನು ಬಿಡಿಸಿ ಬಿಡಿಸಿ ಹೇಳಬೇಕು. ಅವನನ್ನು ಬೇರೆ ಕೂರಿಸಿದರೆ ನಾನು ಇನ್ನೂ ಹೆಚ್ಚು ಕಲಿಯುವುದಿಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ರೈತನಿಗೆ ಇಬ್ಬರು ಗಂಡುಮಕ್ಕಳು. ಅವನು ರಾಗಿಯ ನಡುವೆ ಅಲ್ಲಲ್ಲಿ ಒಂದೊಂದು ಸಾಲು ಅವರೆ ಬಿತ್ತುತ್ತಿದ್ದ. ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಮಕ್ಕಳು ಹೊಲವನ್ನು ತುಂಡು ಮಾಡಲು ಮನಸ್ಸಾಗದೆ ಬೆಳೆಯನ್ನೇ ಹಂಚಿಕೊಂಡರು. ರಾಗಿ ಅಣ್ಣನಿಗೆ, ಅಕ್ಕಡಿ ತಮ್ಮನಿಗೆ.

ಹೊಲಕ್ಕೆ ಹೋದಾಗಲೆಲ್ಲ ಅಣ್ಣನ ಕಣ್ಣಿಗೆ ಅವರೆಯೇ ಚುಚ್ಚುತ್ತಿತ್ತು. ಒಂದು ದಿನ ಹೇಳಿಯೇಬಿಟ್ಟ: “ನಿನ್ನ ಅವರೆ ನನ್ನ ರಾಗಿಯ ಜಾಗ ತಿನ್ನುತ್ತಿದೆ. ಮೇಲೆ ನಮ್ಮದೇ ಗರಸು ನೆಲ ಇದೆಯಲ್ಲ, ಅದನ್ನು ಪೂರ್ತಿ ನೀನೇ ಇಟ್ಟುಕೊ. ಇದನ್ನು ನನಗೆ ಬಿಡು.”

ಆ ಗರಸಿನಲ್ಲಿ ಹುಲ್ಲೂ ನೆಟ್ಟಗೆ ಬೆಳೆಯುತ್ತಿರಲಿಲ್ಲ. ಹೆಂಡತಿ ಮಕ್ಕಳಿಗೆ ಏನು ಉಣಿಸಲಿ ಎಂದು ತಮ್ಮನಿಗೆ ಸಂಕಟವಾಯಿತು. ಆದರೂ ಜಗಳ ಬೇಡವೆಂದು ಹೊರಟುಹೋದ.

ಆ ವರ್ಷ ಹೊಲದ ತುಂಬ ರಾಗಿ. ಕಣದಲ್ಲಿ ಎಂದೂ ಕಾಣದಷ್ಟು ದೊಡ್ಡ ರಾಶಿ. ಅಣ್ಣನಿಗೆ ಹಾಲು ಕುಡಿದಷ್ಟು ಸಂತೋಷ. ಅಪ್ಪನಿಗೆ ಇಷ್ಟು ಬುದ್ಧಿ ಇರಲಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡ. ಮರುವರ್ಷ ರಾಶಿ ಕುಗ್ಗಿತು, ಬೀಜವನ್ನು ಬೈದ. ಅದರಾಚೆ ವರ್ಷ ಇನ್ನೂ ಕುಗ್ಗಿತು, ಎತ್ತುಗಳನ್ನು ಬೈದ. ಕೊನೆಗೆ ಮನೆಯ ಊಟಕ್ಕೂ ಸಾಲದೆ ತೆನೆಯೆಲ್ಲ ಜೊಳ್ಳಾದಾಗ ಬೈಯಲು ಯಾರೂ ಉಳಿದಿರಲಿಲ್ಲ.

ತಮ್ಮನ ಪಾಡೇನಾಯಿತೋ ನೋಡೋಣವೆಂದು ಮೇಲಿನ ನೆಲಕ್ಕೆ ಹೋದ. ಅಲ್ಲಿ ರಾಗಿ ಸೊಂಟದೆತ್ತರ ನಿಂತಿತ್ತು.

“ಈ ಗರಸಿಗೆ ಏನು ಹಾಕಿದೆಯೋ?”

“ಹೊಸದೇನೂ ಇಲ್ಲ ಅಣ್ಣ. ಇಲ್ಲಿಗೆ ಬರುವಾಗ ನನ್ನ ಕೈಯಲ್ಲಿದ್ದದ್ದು ನೀನು ಬೇಡವೆಂದ ಅವರೆ ಬೀಜವೊಂದೇ. ಮೊದಲು ಬರೀ ಅದನ್ನೇ ಬಿತ್ತಿದೆ. ಅದರ ಎಲೆ, ಬೇರು ಕೊಳೆತು ನೆಲಕ್ಕೆ ಕಸುವು ಬಂತು. ಆಮೇಲೆ ಅಪ್ಪ ಮಾಡುತ್ತಿದ್ದ ಹಾಗೆ ಎರಡನ್ನೂ ಬಿತ್ತಿದೆ.”

ಗುರುಗಳು ಕತೆ ಮುಗಿಸಿ, ಆಚೆ ಕೂತು ಅದೇ ಪಾಠವನ್ನು ಮತ್ತೆ ಓದುತ್ತಿದ್ದ ಚನ್ನಮಲ್ಲನ ಕಡೆ ನೋಡಿದರು. ಆಮೇಲೆ ಶಿಷ್ಯನಿಗೆ ಹೇಳಿದರು:

“ಆಗಲಿ, ನಾಳೆಯಿಂದ ಅವನನ್ನು ಬೇರೆ ಕೂರಿಸುತ್ತೇನೆ, ಆಮೇಲೆ ನಿನ್ನ ಕಲಿಕೆಯ ರಾಶಿ ಕುಗ್ಗಿದಾಗ ಯಾರನ್ನು ಬೈಯುತ್ತೀಯ?”