ಕುಂಕುಮ ಹಚ್ಚಿದ ಗುಂಡು

"ಬುದ್ಧಿ, ಇದನ್ನು ಮನೆಯಲ್ಲಿ ಎಲ್ಲಿಡಲಿ? ದಾರಿಯಲ್ಲಿ ಹೇಗೆ ಒಯ್ಯಲಿ?"

ಹೀಗೆ ಕೇಳಿದವನು ಗುರುಶಾಂತ. ಅವನು ಚಿನ್ನಬೆಳ್ಳಿಯ ಅಂಗಡಿಯವನು, ಮಠದ ಶಿಷ್ಯ. ಒಡವೆಗಳನ್ನು ಊರಿಂದ ಊರಿಗೆ ಒಯ್ಯಬೇಕಾದ ಕೆಲಸವಾದ್ದರಿಂದ ಅವನಿಗೆ ಪಿಸ್ತೂಲಿನ ಲೈಸೆನ್ಸ್ ಸಿಕ್ಕಿತ್ತು. ಅಂದು ಬೆಳಿಗ್ಗೆ ಹೊಸ ಪಿಸ್ತೂಲು ಕೊಂಡವನು ಮನೆಗೂ ಹೋಗದೆ ನೇರವಾಗಿ ಮಠಕ್ಕೆ ಬಂದಿದ್ದ. ಹೊಸದಾಗಿ ಏನು ಕೊಂಡರೂ ಮೊದಲು ಗುರುಗಳ ಪಾದದ ಬಳಿ ಇಡುವುದು ಅವನ ಮನೆತನದ ರೂಢಿ. ಅಂಗಡಿಯ ತಕ್ಕಡಿಯನ್ನು ಹೀಗೆಯೇ ಇಟ್ಟಿದ್ದ. ಕಾರು ಕೊಂಡಾಗ ಕಾರನ್ನು ತರಲಾಗದೆ ಅದರ ಕೀಲಿಯನ್ನು ಇಟ್ಟಿದ್ದ. ಈಗಲೂ ಪೆಟ್ಟಿಗೆಯ ಮುಚ್ಚಳ ತೆರೆದು, ಪಿಸ್ತೂಲನ್ನು ಪೆಟ್ಟಿಗೆಯ ಸಮೇತ ಗುರುಗಳ ಮುಂದಿಟ್ಟು, ಕೈಮುಗಿದು ಕೂತಿದ್ದ.

ಗುರುಗಳು ಅದನ್ನು ನೋಡಿದರು. ಮುಟ್ಟಲಿಲ್ಲ.

"ಖಾಲಿ ಇದೆಯೇನಪ್ಪ?"

"ಖಾಲಿ ಇದೆ ಬುದ್ಧಿ. ತೆಗೆದು ತೋರಿಸಲೇ?"

"ಬೇಡ. ನೀನೂ ಮುಟ್ಟಬೇಡ. ಹಾಗೇ ಇರಲಿ. ಒಂದು ಕತೆ ಹೇಳುತ್ತೇನೆ, ಕೇಳು."

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ರೇಷ್ಮೆಗೂಡಿನ ವ್ಯಾಪಾರ ಅವನದು. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಕಾಲೇಜಿಗೆ ಹೋಗುವ ಒಬ್ಬಳೇ ಮಗಳು. ಮಗಳೆಂದರೆ ಅವನಿಗೆ ಪ್ರಾಣ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದವಳು ಎಂಬುದು ಅದಕ್ಕೆ ಒಂದು ಕಾರಣ. ಅವಳು ನಕ್ಕರೆ ಮನೆಯವರೆಲ್ಲ ನಗುತ್ತಿದ್ದರು ಎಂಬುದು ಇನ್ನೊಂದು.

ಈ ವರ್ತಕ ಒಂದು ಪಿಸ್ತೂಲು ಕೊಂಡ. ಅದು ಒಂದು ಅಚ್ಚು ಬೆಲ್ಲಕ್ಕಿಂತ ಹೆಚ್ಚು ತೂಕವಿರಲಿಲ್ಲ. ಆದರೆ ಅವನು ಅದನ್ನು ಕೈಯಲ್ಲಿ ಹಿಡಿದು ಒಳಗೆ ಬಂದ ಕೂಡಲೇ ಮನೆಯವರೆಲ್ಲ ಮಾತು ನಿಲ್ಲಿಸಿದರು. ಅಷ್ಟು ಚಿಕ್ಕ ವಸ್ತುವಿನ ಎದುರು ಅಷ್ಟು ದೊಡ್ಡ ಮನೆ ಮೌನವಾಯಿತಲ್ಲ ಎಂದು ವರ್ತಕನಿಗೆ ಮೈ ಜುಮ್ಮೆಂದಿತು. ಅದು ಹೆದರಿಕೆಯೋ ಹೆಮ್ಮೆಯೋ ಅವನಿಗೇ ತಿಳಿಯಲಿಲ್ಲ. ಎರಡೂ ಇದ್ದವು.

ಪಕ್ಕದ ಬೀದಿಯಲ್ಲಿ ಸೈನ್ಯದಿಂದ ನಿವೃತ್ತನಾದ ಒಬ್ಬ ಸುಬೇದಾರನಿದ್ದ. ವರ್ತಕ ಅವನನ್ನು ಕರೆಸಿ, ಹೇಗೆ ಇಡಬೇಕೆಂದು ಕೇಳಿದ. ಸುಬೇದಾರ ಹೇಳಿದ: ಪಿಸ್ತೂಲನ್ನು ಖಾಲಿ ಮಾಡಿಯೇ ಇಡಬೇಕು. ಅದಕ್ಕೊಂದು ಬೀಗ, ಗುಂಡುಗಳಿಗೆ ಬೇರೆ ಕಡೆ ಇನ್ನೊಂದು ಬೀಗ, ಎರಡು ಕೀಲಿಗಳೂ ನಿಮ್ಮ ಬಳಿಯೇ ಇರಬೇಕು. ಕಾರಿನಲ್ಲಿ ಒಯ್ಯುವಾಗಲೂ ಖಾಲಿ ಇರಬೇಕು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹಿಂದಿನ ಡಿಕ್ಕಿಯಲ್ಲಿರಬೇಕು, ಸೀಟಿನ ಕೆಳಗೂ ಅಲ್ಲ, ಸೊಂಟದಲ್ಲೂ ಅಲ್ಲ. ಅದರ ಬಾಯಿ ಮನುಷ್ಯರ ಕಡೆ ತಿರುಗಬಾರದು. ಕೈಗೆತ್ತಿಕೊಂಡಾಗಲೆಲ್ಲ ಒಳಗೆ ಗುಂಡು ಇದೆಯೇ ಎಂದು ನಿಮ್ಮ ಕಣ್ಣಿಂದಲೇ ನೋಡಬೇಕು.

ವರ್ತಕನಿಗೆ ನಗು ಬಂತು.

"ಹಂಗಾದ್ರೆ ಕಳ್ಳ ಬಂದಾಗ ಏನು ಮಾಡ್ಲಿ ಸುಬೇದಾರ್ರೇ? 'ಸ್ವಲ್ಪ ಕೂತ್ಕೊಳಪ್ಪ, ಕಾಫಿ ಕುಡೀತಿರು, ಎರಡು ಬೀಗ ತೆಗೆದು ಬರ್ತೀನಿ' ಅನ್ಲಾ?"

"ಅನ್ನಿ ಸಾಹುಕಾರ್ರೇ. ಕಳ್ಳ ಬಂದ್ರೆ ಒಂದು ದಿನ ಬರ್ತಾನೆ. ನಿಮ್ಮ ಮಗಳು ಇದನ್ನ ಇಡೋ ಬೀರು ಮುಂದೆ ದಿನಾ ಓಡಾಡ್ತಾಳೆ."

ವರ್ತಕನ ನಗು ನಿಂತಿತು. ಅವನು ಒಳ್ಳೆಯವನು, ಹೇಳಿದ್ದನ್ನು ಕೇಳುವವನು. ಎರಡು ಬೀಗ ಮಾಡಿಸಿದ. ಎರಡು ಕೀಲಿಗಳನ್ನೂ ಉಡಿದಾರಕ್ಕೆ ಕಟ್ಟಿಕೊಂಡ. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು.

ಆಯುಧಪೂಜೆ ಬಂತು. ಅಂದು ಮನೆಯಲ್ಲಿರುವ ಕತ್ತಿ, ಕುಡುಗೋಲು, ಗಾಡಿ, ತಕ್ಕಡಿ ಎಲ್ಲಕ್ಕೂ ಪೂಜೆಯಾಗುತ್ತದೆ, ನಿನಗೆ ಗೊತ್ತೇ ಇದೆ. ವರ್ತಕ ಪಿಸ್ತೂಲನ್ನು ತೆಗೆದು ಒರೆಸಿ, ಖಾಲಿಯಾಗಿಯೇ ದೇವರ ಮುಂದಿಟ್ಟ. ತಾಯಿ ತಡೆದಳು.

"ಬರಿದು ಮಾಡಿ ಇಡ್ತಾರೇನೋ? ದೇವರ ಮುಂದೆ ಬರೀ ಕಲಶ ಇಡ್ತೀವಾ? ನೆರೆಮನೆಯವರ ಪಾತ್ರೆ ವಾಪಸ್ ಕೊಡೋವಾಗ್ಲೂ ಒಂದು ಹಿಡಿ ಸಕ್ಕರೆ ಹಾಕಿ ಕೊಡ್ತೀವಿ. ತುಂಬಿಸಿ ಇಡು."

ತಾಯಿಯ ಮಾತು ವರ್ತಕನಿಗೆ ಸರಿಯೆನಿಸಿತು. ಅವಳು ಒಂದೊಂದೇ ಗುಂಡಿನ ತುದಿಗೆ ಉಂಗುರದ ಬೆರಳಿನಿಂದ ಕುಂಕುಮ ಹಚ್ಚಿ ಕೊಟ್ಟಳು. ಅವನು ಅವನ್ನು ಮ್ಯಾಗಜಿನ್‌ಗೆ ತುಂಬಿದ. ಮ್ಯಾಗಜಿನ್ ಎಂದರೆ ಗುಂಡುಗಳನ್ನು ಸಾಲಾಗಿ ಇಡುವ ಸಣ್ಣ ಗೂಡು, ಅದು ಹಿಡಿಕೆಯೊಳಗೆ ಹೋಗಿ ಕೂರುತ್ತದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ತುಂಬಿಸುವುದೆಂದ ಮೇಲೆ ಪೂರ್ತಿ ತುಂಬಿಸೋಣ ಎಂದು ಅವನು ಪಿಸ್ತೂಲಿನ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದು ಬಿಟ್ಟ. ಹಾಗೆ ಎಳೆದು ಬಿಟ್ಟರೆ ಒಂದು ಗುಂಡು ಮ್ಯಾಗಜಿನ್‌ನಿಂದ ಎದ್ದು ನಳಿಗೆಯೊಳಗೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದರೂ ಆ ಗುಂಡು ಹೊರಗೆ ಬರುವುದಿಲ್ಲ.

ಪೂಜೆ ಮುಗಿಯಿತು. ವರ್ತಕ ಹೂವು ತೆಗೆದ, ಮ್ಯಾಗಜಿನ್ ತೆಗೆದ, ಅದರಲ್ಲಿದ್ದ ಗುಂಡುಗಳನ್ನೆಲ್ಲ ತೆಗೆದ. ಪಿಸ್ತೂಲಿಗೆ ಒಂದು ಬೀಗ ಹಾಕಿದ, ಗುಂಡುಗಳಿಗೆ ಇನ್ನೊಂದು ಬೀಗ ಹಾಕಿದ. ಸುಬೇದಾರ ಹೇಳಿದ್ದನ್ನೆಲ್ಲ ಮಾಡಿದ್ದೇನೆ ಎಂದುಕೊಂಡ. ಒಂದನ್ನು ಮಾತ್ರ ಮಾಡಿರಲಿಲ್ಲ. ಒಳಗೆ ಇಣುಕಿ ನೋಡಿರಲಿಲ್ಲ. ನಳಿಗೆಯಲ್ಲಿ ಒಂದು ಗುಂಡು ಉಳಿದುಕೊಂಡಿತ್ತು, ಹಣೆಗೆ ಕುಂಕುಮವಿಟ್ಟುಕೊಂಡು ಕತ್ತಲಲ್ಲಿ ಕೂತಿತ್ತು.

ಸ್ವಲ್ಪ ಕಾಲದ ಮೇಲೆ ಚುನಾವಣೆ ಬಂತು. ಚುನಾವಣೆ ಮುಗಿಯುವವರೆಗೆ ಆಯುಧಗಳನ್ನು ಠಾಣೆಯಲ್ಲಿ ಒಪ್ಪಿಸಬೇಕೆಂದು ಆಜ್ಞೆಯಾಯಿತು. ವರ್ತಕ ಬೆಳಿಗ್ಗೆ ಪಿಸ್ತೂಲನ್ನು ಹೊರಗೆ ತೆಗೆದ. ಮಗಳು ಕಾಲೇಜಿಗೆ ಹೊರಟು ನಿಂತಿದ್ದವಳು ಹತ್ತಿರ ಬಂದಳು.

"ಅಪ್ಪಾ, ಒಂದೇ ಒಂದು ಸಲ ಕೊಡಿ. ಪ್ಲೀಸ್. ಖಾಲಿ ತಾನೇ?"

"ಖಾಲಿನೇ. ತಗೋ, ಬೀಳಿಸಬೇಡ."

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನ ಎದೆಗೆ ಗುರಿಯಿಟ್ಟಳು. "ಹ್ಯಾಂಡ್ಸಪ್ ಅಪ್ಪಾ! ಟ್ರಿಪ್ಪಿಗೆ ಕಳಿಸ್ತೀರೋ ಇಲ್ವೋ?"

ವರ್ತಕ ನಗುತ್ತಾ ಎರಡೂ ಕೈ ಎತ್ತಿದ. ಅಡುಗೆಮನೆಯ ಬಾಗಿಲಲ್ಲಿದ್ದ ಅಜ್ಜಿ ಕಿರುಚಿದಳು: "ಅಯ್ಯೋ ಮುಂಡೇದೇ, ಮನುಷ್ಯರ ಕಡೆ ಹಿಡೀತಾರೇನೇ? ಇಳಿಸೇ ಕೆಳಗೆ!"

"ಖಾಲಿ ಕಣಜ್ಜಿ," ಎಂದಳು ಮಗಳು. ಆದರೂ ಇಳಿಸಿದಳು. ಬಸ್ಸಿಗೆ ಹೊತ್ತಾಗಿತ್ತು, ಓಡಿದಳು.

ವರ್ತಕ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟ. ಠಾಣೆಗೆ ಜೊತೆಗೆ ಬರಲಿ ಎಂದು ಸುಬೇದಾರನ ಮನೆಯ ಮುಂದೆ ಕಾರು ನಿಲ್ಲಿಸಿದ. ಸುಬೇದಾರ ಹೊರಡುವ ಮೊದಲು ಪಿಸ್ತೂಲನ್ನು ನೋಡಬೇಕೆಂದ.

"ಖಾಲಿ ಇದೆ ಸುಬೇದಾರ್ರೇ. ನಾನೇ ಖಾಲಿ ಮಾಡಿದ್ದು. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಇದೆ. ಇದರ ಮೇಲೆ ಇಲ್ಲ."

ಅಂಗಳದಲ್ಲಿ ಮರಳಿನ ದೊಡ್ಡ ಗುಡ್ಡೆಯಿತ್ತು. ಸುಬೇದಾರ ಪಿಸ್ತೂಲಿನ ಬಾಯನ್ನು ಅದರ ಕಡೆ ತಿರುಗಿಸಿ, ಗುಂಡು ಹಾರಿಸಲು ಒತ್ತುವ ಕುದುರೆಯಿಂದ ಬೆರಳನ್ನು ದೂರವಿಟ್ಟು, ಮೇಲಿನ ಭಾಗವನ್ನು ಹಿಂದಕ್ಕೆ ಎಳೆದ. ಟಣ್ ಎಂದು ಏನೋ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಉರುಳಿಕೊಂಡು ಬಂದು ವರ್ತಕನ ಪಾದದ ಬಳಿ ನಿಂತಿತು.

ವರ್ತಕ ಬಗ್ಗಿ ನೋಡಿದ. ಗುಂಡು. ಅದರ ತುದಿಯಲ್ಲಿ ಕುಂಕುಮ. ತಾಯಿಯ ಬೆರಳಿನ ಗುರುತು ಇನ್ನೂ ಅಳಿಸಿರಲಿಲ್ಲ.

ಬೆಳಿಗ್ಗೆ ಮಗಳ ಬೆರಳು ಎಲ್ಲಿತ್ತು ಎಂದು ನೆನಪಿಸಿಕೊಳ್ಳಲು ಹೋದ. ನೆನಪಾಯಿತು. ಕುದುರೆಯ ಮೇಲೆಯೇ ಇತ್ತು.

ಗುಂಡು ಹಾರಿದ್ದರೆ ತಾನು ಒಂದು ಸಲ ಸಾಯುತ್ತಿದ್ದೆ, ಅವಳು ದಿನವೂ ಸಾಯುತ್ತಿದ್ದಳು ಎಂದು ಅವನಿಗೆ ಅನ್ನಿಸಿತು. ಆ ಬೆರಳಿಗೂ ಆ ಗುಂಡಿಗೂ ನಡುವೆ ಮುದುಕಿಯ ಒಂದು ಬೈಗುಳ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮರಳಿನ ಗುಡ್ಡೆ ಇದ್ದಲ್ಲೇ ಇತ್ತು. ಬೀದಿಯಲ್ಲಿ ಯಾರೋ ಸೊಪ್ಪು ಮಾರುತ್ತಾ ಹೋಗುತ್ತಿದ್ದರು. ಇದೆಲ್ಲ ಇನ್ನೂ ಇದೆಯಲ್ಲ, ನೋಡಲು ತಾನೂ ಇದ್ದೇನಲ್ಲ ಎಂಬುದೇ ಅವನಿಗೆ ದೊಡ್ಡ ಬೆರಗಾಯಿತು. ಬೆಳಿಗ್ಗೆ ನಗುತ್ತಾ ಎತ್ತಿದ್ದ ಕೈಗಳು ತಾವಾಗಿಯೇ ಮತ್ತೆ ಎದ್ದವು. ಈ ಸಲ ಮುಗಿದುಕೊಂಡು ಎದ್ದವು. ಯಾರಿಗೆ ಕೈಮುಗಿದನೆಂದು ಅವನಿಗೂ ಗೊತ್ತಿರಲಿಲ್ಲ.

ಸುಬೇದಾರ ಬೈಯಲಿಲ್ಲ. ಪಿಸ್ತೂಲಿನ ಒಳಗೆ ಬೆಳಕು ಬೀಳುವಂತೆ ಹಿಡಿದು ಮತ್ತೆ ನೋಡಿದ.

"ಈಗ ಖಾಲಿಯಾಯ್ತಾ?" ಎಂದು ವರ್ತಕ ಕೇಳಿದ.

"ಬನ್ನಿ, ನೀವೇ ನೋಡಿ. ನಾನು ಹೇಳಿದೆ ಅಂತ ನಂಬಬೇಡಿ."

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

ಗುರುಶಾಂತನ ಮನೆಯಲ್ಲೂ ಒಬ್ಬ ಮಗಳಿದ್ದಳು. ಅವನು ಕಣ್ಣೊರೆಸಿಕೊಂಡು ಹೇಳಿದ: "ತಿಳಿಯಿತು ಬುದ್ಧಿ. ಇವತ್ತೇ ಎರಡು ಬೀಗ ತರುತ್ತೇನೆ. ಪಿಸ್ತೂಲು ಒಂದು ಕಡೆ, ಗುಂಡು ಒಂದು ಕಡೆ. ಖಾಲಿ ಇದ್ದರೂ ಯಾರ ಕೈಗೂ ಕೊಡುವುದಿಲ್ಲ."

ಗುರುಗಳು ತಮ್ಮ ಪಾದದ ಬಳಿಯ ತೆರೆದ ಪೆಟ್ಟಿಗೆಯಲ್ಲಿದ್ದ ಪಿಸ್ತೂಲನ್ನು ನೋಡಿದರು, ಆಮೇಲೆ ಶಿಷ್ಯನನ್ನು ನೋಡಿದರು.

"ನೀನು ಬಂದಾಗಿನಿಂದ ಅದರ ಬಾಯಿ ನನ್ನ ಎದೆಯ ಕಡೆಗೇ ಇದೆಯಲ್ಲಪ್ಪ, ಖಾಲಿ ಇದೆ ಅಂತ ನೋಡಿದವರು ಯಾರು?"