ಗೂಡು ಬೇಯಿಸಿದ ನೀರು

ನಮ್ಮೂರಿನ ಮನೆಗಳಲ್ಲಿ ಅಡುಗೆಗೊಂದು ಒಲೆ, ರೇಷ್ಮೆಗೂಡು ಬೇಯಿಸಲಿಕ್ಕೊಂದು ಒಲೆ. ಗೂಡು ಬೇಯಿಸಿದ ನೀರಿನ ನಾತ ನೆಂಟರು ಬಸ್ಸು ಇಳಿಯುವ ಮೊದಲೇ ಅವರ ಮೂಗಿಗೆ ಬಡಿಯುತ್ತದೆ. ಇಂಥ ಊರಿಗೆ ಬಾಟಲಿ ನೀರಿನ ಕಂಪನಿ ಬಂತು. ಬೋರು ಕೊರೆಯಲು ಗ್ರಾಮಸಭೆಯ ಒಪ್ಪಿಗೆ ಬೇಕಿತ್ತು.

"ನಮ್ಮ ಬಾವಿ ಬತ್ತಿದರೆ ಏನು ಗತಿ?" ಎಂದು ಹೆಂಗಸರು ಎದ್ದು ನಿಂತರು.

ಕಂಪನಿಯ ಮ್ಯಾನೇಜರು ನಕ್ಕ. "ಭೂಮಿಯೊಳಗಿನ ವಿಷಯ ನಿಮಗೇನಮ್ಮಾ ಗೊತ್ತು? ನಿಮ್ಮ ನೀರು ಮೇಲೆ, ನಮ್ಮದು ಸಾವಿರ ಅಡಿ ಕೆಳಗೆ. ನಡುವೆ ಗಟ್ಟಿ ಬಂಡೆ. ಒಂದು ಹನಿಯೂ ಇಳಿಯಲ್ಲ. ಬೇಕಾದರೆ ಬರೆದುಕೊಡ್ತೀನಿ." ಬರೆದು, ಸಹಿ ಹಾಕಿ, ಸೀಲನ್ನೂ ಒತ್ತಿದ.

ಊರಿಗೆ ನೀರು ಬಿಡುವ ನೀರುಗಂಟಿ ಪಿಳ್ಳಪ್ಪ ಆ ಕಾಗದ ಈಸಿಕೊಂಡು ಕೈಮುಗಿದ. "ದೊಡ್ಡ ಉಪಕಾರ ಆಯ್ತು ಸ್ವಾಮಿ. ಗೂಡಿನ ನೀರು ಇಂಗಿಸೋ ಗುಂಡಿಗೆ ಹತ್ತು ವರ್ಷದಿಂದ ಜಾಗ ಹುಡುಕ್ತಿದ್ವಿ. ಇನ್ನು ಚಿಂತೆಯಿಲ್ಲ. ನಿಮ್ಮ ಬೋರಿನ ಪಕ್ಕದಲ್ಲೇ ತೋಡ್ತೀವಿ."

ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟ. "ಅಯ್ಯಯ್ಯೋ, ಬೇಡ! ಆ ಹೊಲಸೆಲ್ಲ ನಮ್ಮ ನೀರಿಗೆ ಇಳಿಯುತ್ತೆ!"

ಹೆಂಗಸರ ಸಾಲಿನಿಂದ ನಗು ಶುರುವಾಗಿ ಬಾಗಿಲವರೆಗೂ ಹೋಯಿತು. ಪಂಚಾಯಿತಿ ಅಧ್ಯಕ್ಷೆ ಸಹಿ ಹಾಕದೆ ಒಪ್ಪಿಗೆಯ ಪುಸ್ತಕ ಮುಚ್ಚಿದರು.

"ಆ ಕಾಗದ ವಾಪಸ್ ಕೊಡಪ್ಪಾ," ಎಂದು ಮ್ಯಾನೇಜರು ಮೆಲ್ಲಗೆ ಕೇಳಿದ.

ಪಿಳ್ಳಪ್ಪ ಎರಡೂ ಕೈಯಲ್ಲಿ ಕೊಟ್ಟ. "ಧಾರಾಳವಾಗಿ ತಗೊಳ್ಳಿ. ಇದನ್ನ ಮೊದಲು ಆ ಬಂಡೆಗೆ ಓದಿ ಹೇಳಿ ಸ್ವಾಮಿ. ಅದು ಒಪ್ಪಿದ ದಿನ ನಾವೂ ಒಪ್ತೀವಿ."