ಗಾಳಿಗುಡ್ಡದ ಏರಿನಲ್ಲಿ ನಿಂತವರು

ಮೂರು ಗುಡ್ಡಗಳ ನಡುವೆ ಒಂದು ಕಾಡಿತ್ತು. ಅಲ್ಲಿ ಕಡವೆಗಳಿದ್ದವು, ಮುಸುವಗಳಿದ್ದವು, ಮುಳ್ಳುಹಂದಿಗಳಿದ್ದವು. ಎಲ್ಲರ ಹತ್ತಿರವೂ ಸೈಕಲ್ ಇತ್ತು. ಪ್ರಾಣಿಗಳಿಗೆ ಸೈಕಲ್ ಎಲ್ಲಿಂದ ಬಂತು ಎಂದು ಕೇಳಬೇಡಿ. ಅವು ಮಾತಾಡುತ್ತವೆ ಎಂದರೆ ತಕರಾರಿಲ್ಲದೆ ಒಪ್ಪುತ್ತೀರಿ. ಸೈಕಲ್ಲನ್ನೂ ಒಪ್ಪಿಕೊಳ್ಳಿ.

ಬೇಸಿಗೆಯಲ್ಲಿ ಆ ಕಾಡಿಗೆಲ್ಲ ನೀರು ಒಂದೇ ಕಡೆ. ಮೂರನೆಯ ಗುಡ್ಡದ ನೆತ್ತಿಯಲ್ಲಿ, ಬಂಡೆಯ ಸಂದಿನಲ್ಲಿ ಒಂದು ಒರತೆ ಇತ್ತು. ದಿನಕ್ಕೆ ಒಂದು ಹೊಂಡ ತುಂಬುವಷ್ಟು ಜಿನುಗುತ್ತಿತ್ತು. ಮೊದಲು ಕುಡಿದವರಿಗೆ ತಿಳಿನೀರು. ಕೊನೆಗೆ ಬಂದವರಿಗೆ ಕೆಸರು.

ಹಾಗಾದರೆ ಯಾರು ಮೊದಲು, ಯಾರು ಕೊನೆ? ಬೇರೆ ಕಾಡಾಗಿದ್ದರೆ ಕೂತು ಮಾತಾಡಿ ಬಗೆಹರಿಸಿಕೊಳ್ಳುತ್ತಿದ್ದರೇನೋ. ಇವರ ಹತ್ತಿರ ಸೈಕಲ್ ಇತ್ತಲ್ಲ, ಪಂದ್ಯ ಇಟ್ಟುಕೊಂಡರು. ಮೂರು ದಿನ, ದಿನಕ್ಕೊಂದು ಗುಡ್ಡ. ಮೂರೂ ದಿನದ ಹೊತ್ತು ಕೂಡಿಸಿದಾಗ ಯಾರದು ಎಲ್ಲರಿಗಿಂತ ಕಡಿಮೆಯೋ ಅವರು ಗೆದ್ದಂತೆ. ಗೆದ್ದವರು ಮಳೆಗಾಲದವರೆಗೆ ಒರತೆಯ ಯಜಮಾನರು. ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂದು ಅವರೇ ಹೇಳುತ್ತಾರೆ.

ಹೊತ್ತು ಎಣಿಸುವವನು ಕುಟ್ಟಾಚಾರಿ ಎಂಬ ಮರಕುಟಿಗ. ಮೊದಲ ಸವಾರ ಗುಡ್ಡದ ತುದಿ ಮುಟ್ಟಿದ ಕೂಡಲೇ ಒಣಮರವನ್ನು ಒಂದೇ ಸಮನೆ ಕುಟ್ಟಲು ಶುರುಮಾಡುತ್ತಿದ್ದ. ಎರಡನೆಯವನು ಬರುವಾಗ ಹತ್ತು ಕುಟುಕಾಗಿದ್ದರೆ ಅವನು ಹತ್ತು ಕುಟುಕು ಹಿಂದೆ. ಗಡಿಯಾರಕ್ಕಿಂತ ಇದು ವಾಸಿ, ಕೀಲಿ ಕೊಡುವ ಕೆಲಸವಿಲ್ಲ.

ಹಿಂದಿನ ವರ್ಷ ಗೆದ್ದವನು ಕವಲಪ್ಪ. ಕಡವೆ, ತಲೆಯ ಮೇಲೆ ಆರು ಕವಲಿನ ಕೊಂಬು. ಅವನು ಮುಸುವಗಳನ್ನು ಕಡವೆಗಳೆಲ್ಲ ಕುಡಿದ ಮೇಲೆ ನಿಲ್ಲಿಸಿದ. ಅದರ ಹಿಂದಿನ ವರ್ಷ ಗೆದ್ದವನು ಮಸಿಯಣ್ಣ ಎಂಬ ಮುಸುವ, ಮಸಿ ಬಳಿದಂತೆ ಕಪ್ಪು ಮುಖದವನು. ಅವನು ಕಡವೆಗಳನ್ನು ಮುಸುವಗಳೆಲ್ಲ ಕುಡಿದ ಮೇಲೆ ನಿಲ್ಲಿಸಿದ್ದ. ಮುಳ್ಳುಹಂದಿಗಳು ಎರಡೂ ವರ್ಷ ಎಲ್ಲರಿಗಿಂತ ಕೊನೆಗೆ ನಿಂತವು. ಅವುಗಳನ್ನು ನಿಲ್ಲಿಸಬೇಕೆಂದು ಯಾರೂ ಪ್ರತ್ಯೇಕವಾಗಿ ಯೋಚಿಸಿದ್ದೂ ಇಲ್ಲ.

ಸೂಜವ್ವ ಎಂಬ ಮುಳ್ಳುಹಂದಿಗೆ ಎರಡು ಮರಿಗಳು. ಹೋದ ಬೇಸಿಗೆಯಲ್ಲಿ ಅವು ಹೊಂಡದ ತಳದ ಕಲ್ಲು ನೆಕ್ಕಿ ದಿನ ಕಳೆದಿದ್ದವು. ಈ ವರ್ಷ ಸೂಜವ್ವ ತುಕ್ಕು ಹಿಡಿದ ಸೈಕಲ್ಲಿಗೆ ಹೊಂಗೆ ಎಣ್ಣೆ ಹಾಕಿ ತಾನೂ ಪಂದ್ಯಕ್ಕೆ ಬಂದಳು.

"ನೀನಾ?" ಎಂದ ಕವಲಪ್ಪ.

"ನಾನೇ. ಯಾಕೆ?"

"ಏನಿಲ್ಲ. ನಿನ್ನ ಮುಳ್ಳು ಉದುರುತ್ತೆ, ನಮ್ಮ ಟ್ಯೂಬು ತೂತಾಗುತ್ತೆ. ನೀನು ನಮ್ಮಿಂದ ಐವತ್ತು ಮಾರು ಹಿಂದೆ ಬರಬೇಕು."

"ಹೌದು ಮತ್ತೆ," ಎಂದ ಮಸಿಯಣ್ಣ. ಅಲ್ಲಿಯವರೆಗೆ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಸೂಜವ್ವನ ಮುಳ್ಳು ನಿಜವಾಗಿ ಉದುರುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ಒಂದು ಕಾಜಾಣ ಮಾತ್ರ ನೋಡಿತು. ದಾರಿಯಲ್ಲಿ ಯಾರು ಎಷ್ಟು ಕುಟುಕು ಮುಂದೆ, ಹಿಂದೆ ಎಂದು ತಾನೇ ಎಣಿಸಿ ಸವಾರರಿಗೆ ಸುದ್ದಿ ಮುಟ್ಟಿಸುವ ಹಕ್ಕಿ ಅದು. ಯಾವುದನ್ನು ಕಂಡರೂ ಯಾಕೆ ಎಂದು ಕೇಳುವುದು ಅದರ ಚಟ. ಮೊದಲ ದಿನ ದಾರಿಯುದ್ದಕ್ಕೂ ಕೆಳಗೆ ಹಾರಿ ಹುಡುಕಿತು. ಒಂದು ಮುಳ್ಳೂ ಸಿಗಲಿಲ್ಲ. ಕವಲಪ್ಪನಿಗೆ ಹೇಳಿತು.

"ನಾಳೆ ಉದುರಬಹುದು," ಎಂದ ಕವಲಪ್ಪ.

ಐವತ್ತು ಮಾರು ಹಿಂದೆ ಎಂದರೆ ಏನು ಎಂಬುದನ್ನು ಇಲ್ಲಿ ಹೇಳಬೇಕು. ಗುಡ್ಡದ ಮೇಲೆ ಎದುರುಗಾಳಿ. ಸೈಕಲ್ ಸವಾರರು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಹೋಗುತ್ತಾರೆ. ಮುಂದಿನವನು ಗಾಳಿ ಸೀಳಿ ದಣಿಯುತ್ತಾನೆ. ಹಿಂದಿನವನು ಅವನ ಮರೆಯಲ್ಲಿ ಅರ್ಧ ಶ್ರಮದಲ್ಲಿ ಬರುತ್ತಾನೆ, ತುದಿ ಹತ್ತಿರವಾದಾಗ ಹಾರಿ ಮುಂದೆ ಹೋಗುತ್ತಾನೆ. ಇದು ಮೋಸವಲ್ಲ, ಗಾಳಿಯ ಲೆಕ್ಕ. ಕವಲಪ್ಪನಿಗೆ ಮರೆಯಾಗಲು ಇಬ್ಬರು ತಮ್ಮಂದಿರಿದ್ದರು. ಮಸಿಯಣ್ಣನಿಗೆ ಮೂವರು ಭಾವಮೈದುನರು. ಸೂಜವ್ವನಿಗೆ ಮರೆ ಇಲ್ಲ. ಐವತ್ತು ಮಾರು ದೂರದಲ್ಲಿ ಯಾರ ಬೆನ್ನೂ ಗಾಳಿ ತಡೆಯುವುದಿಲ್ಲ. ಎರಡು ದಿನ, ಎರಡು ಗುಡ್ಡ, ಇಡೀ ಗಾಳಿಯನ್ನು ಅವಳೊಬ್ಬಳೇ ತಿಂದಳು.

ಎರಡನೆಯ ದಿನ ಮುಗಿದಾಗ ಕುಟ್ಟಾಚಾರಿ ಲೆಕ್ಕ ಹೇಳಿದ. ಮುಂದೆ ಇರುವವನು ಕವಲಪ್ಪ. ಮಸಿಯಣ್ಣ ನಾಲ್ಕು ಕುಟುಕು ಹಿಂದೆ. ಮೂರನೆಯವಳು ಸೂಜವ್ವ, ಕವಲಪ್ಪನಿಗಿಂತ ಮುನ್ನೂರಹತ್ತು ಕುಟುಕು ಹಿಂದೆ.

"ಮುನ್ನೂರಹತ್ತು!" ಎಂದು ಮಸಿಯಣ್ಣ ನಕ್ಕ. "ಅಷ್ಟು ಹೊತ್ತಿನಲ್ಲಿ ನಾನು ಒಂದು ನಿದ್ದೆ ತೆಗೀಬಹುದು."

ಮೂರನೆಯ ದಿನ ಗಾಳಿಗುಡ್ಡ. ಹೆಸರು ಸುಮ್ಮನೆ ಬಂದದ್ದಲ್ಲ. ಅರ್ಧ ಏರುವಷ್ಟರಲ್ಲಿ ಕವಲಪ್ಪನ ತಮ್ಮಂದಿರು ನಾಲಗೆ ಹೊರಹಾಕಿ ದಾರಿಬದಿಗೆ ಬಿದ್ದರು. ಭಾವಮೈದುನರು ಸೈಕಲ್ ಬಿಟ್ಟು ಮರ ಹತ್ತಿದರು. ಮುಂದೆ ಉಳಿದವರು ಇಬ್ಬರೇ.

ಮೊದಲು ಕವಲಪ್ಪ ತುಳಿಯುತ್ತಿದ್ದ. ತಿರುಗಿ ನೋಡಿದರೆ ಮಸಿಯಣ್ಣ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡಿದ್ದಾನೆ, ತುಟಿಯಲ್ಲಿ ಶಿಳ್ಳೆ.

"ಆರಾಮಾ?" ಎಂದ ಕವಲಪ್ಪ.

"ನಿಮ್ಮ ಆಶೀರ್ವಾದ ಅಣ್ಣ. ಎಂಥಾ ಅಗಲ ಬೆನ್ನು ನಿಮ್ಮದು!"

ಕವಲಪ್ಪ ನಿಧಾನ ಮಾಡಿದ. ಮಸಿಯಣ್ಣನೂ ನಿಧಾನ ಮಾಡಿದ. ಕವಲಪ್ಪ ದಾರಿಯ ಎಡಕ್ಕೆ ಸರಿದ. ಮಸಿಯಣ್ಣನೂ ಎಡಕ್ಕೆ ಸರಿದ.

"ಮುಂದೆ ಹೋಗೋ."

"ಛೆ, ದೊಡ್ಡವರು ನೀವು. ನೀವು ಹೋಗಿ."

"ನಾಲ್ಕು ಕುಟುಕು ಹಿಂದೆ ಇರೋನು ನೀನು. ಗೆಲ್ಲಬೇಕಾದರೆ ನೀನು ಓಡಬೇಕು."

"ಮೊದಲ ಸ್ಥಾನ ನಿಮ್ಮದು. ಉಳಿಸಿಕೊಳ್ಳಬೇಕಾದರೆ ನೀವು ಓಡಬೇಕು."

ಇಬ್ಬರ ಮಾತೂ ಸರಿ. ಆದ್ದರಿಂದಲೇ ಇಬ್ಬರೂ ನಿಂತರು. ಕಾಲು ಪೆಡಲಿನ ಮೇಲೆ, ಕಣ್ಣು ಒಬ್ಬರ ಮೇಲೊಬ್ಬರು. ಸೈಕಲ್ ನಡುಗುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಏರಿನಲ್ಲಿ ಹೀಗೆ ನಿಲ್ಲುವುದು ಹತ್ತುವುದಕ್ಕಿಂತ ಕಷ್ಟ. ಇಬ್ಬರೂ ಅದನ್ನು ಬಹಳ ಚೆನ್ನಾಗಿ ಮಾಡಿದರು.

ಅಷ್ಟರಲ್ಲಿ ಸೂಜವ್ವ ತಿರುವಿನಲ್ಲಿ ಕಾಣಿಸಿದಳು. ಐವತ್ತು ಮಾರು ದೂರದಲ್ಲಿ ಬ್ರೇಕ್ ಹಾಕಿ ಕೂಗಿದಳು.

"ಏನಣ್ಣಾ, ಚೈನ್ ಬಿತ್ತಾ?"

"ಇಲ್ಲ!"

"ಮತ್ತೆ ಯಾಕೆ ನಿಂತಿದೀರಿ?"

"ಅದು ನಿನಗೆ ಅರ್ಥ ಆಗಲ್ಲ!"

"ಸರಿ. ನಾನು ಹಿಂದೆ ಇರಬೇಕು ಅಂದಿರಿ. ನೀವು ನಿಂತರೆ ನಾನೂ ನಿಲ್ಲಬೇಕು. ಸಂಜೆಯಾಗುತ್ತೆ, ಮರಿಗಳು ಮೇಲೆ ಕಾಯ್ತಿವೆ. ದಾಟಿ ಹೋಗಲಾ?"

ಇಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇವಳು ಮುಂದೆ ಹೋದರೆ ಮಸಿಯಣ್ಣ ಗಾಬರಿಯಾಗಿ ಅಟ್ಟಿಸಿಕೊಂಡು ಹೋಗುತ್ತಾನೆ, ನಾನು ಅವನ ಮರೆಯಲ್ಲಿ ಹೋಗಬಹುದು ಎಂದುಕೊಂಡ ಕವಲಪ್ಪ. ಕವಲಪ್ಪ ಗಾಬರಿಯಾಗುತ್ತಾನೆ ಎಂದುಕೊಂಡ ಮಸಿಯಣ್ಣ.

"ಹೋಗು ಹೋಗು," ಎಂದರು ಇಬ್ಬರೂ.

ಸೂಜವ್ವ ಮುಳ್ಳುಗಳನ್ನು ಮೈಗೆ ಒತ್ತಿಕೊಂಡು, ಯಾರಿಗೂ ತಾಗದಂತೆ ದಾರಿಯ ಅಂಚಿನಲ್ಲಿ ದಾಟಿ ಹೋದಳು. ಗಾಳಿ ಎದುರಾಯಿತು. ಅವಳಿಗೆ ಅದೇನು ಹೊಸದಲ್ಲ. ತುಳಿದಳು.

ಸ್ವಲ್ಪ ಹೊತ್ತಿಗೆ ಕಾಜಾಣ ಬಂತು. "ಸೂಜವ್ವ ಅರವತ್ತು ಕುಟುಕು ಮುಂದಿದಾಳೆ."

"ಅರವತ್ತು ತಾನೇ," ಎಂದ ಕವಲಪ್ಪ.

"ನೀವು ಹೊರಡಲ್ವಾ?"

"ಇವನು ಹೊರಡಲಿ."

ಮತ್ತೆ ಕಾಜಾಣ ಬಂತು. "ನೂರನಲವತ್ತು."

"ಸುಸ್ತಾಗಿ ಬೀಳ್ತಾಳೆ ಬಿಡು," ಎಂದ ಮಸಿಯಣ್ಣ.

"ಎರಡು ದಿನ ಒಬ್ಬಳೇ ಗಾಳಿಗೆ ಎದುರಾಗಿ ಬಂದಿದಾಳೆ. ಬಿದ್ದಿಲ್ಲ," ಎಂದಿತು ಕಾಜಾಣ. "ಅದೂ ಹೋಗಲಿ, ನನಗೊಂದು ತಿಳೀತಿಲ್ಲ. ನಿಮ್ಮಲ್ಲಿ ಯಾರು ಹೊರಟರೂ ಅವಳನ್ನು ಹಿಡೀಬಹುದು ಅಲ್ವಾ?"

"ಹಿಡೀಬಹುದು," ಎಂದರು ಇಬ್ಬರೂ.

"ಮತ್ತೆ?"

"ನಾನು ಹೊರಟರೆ ಇವನು ನನ್ನ ಬೆನ್ನಿಗೆ ಅಂಟಿಕೊಂಡು ಪುಕ್ಕಟೆ ಬರ್ತಾನೆ. ಕೊನೆಗೆ ನನ್ನನ್ನೇ ದಾಟ್ತಾನೆ," ಎಂದ ಕವಲಪ್ಪ. "ಹೋದ ವರ್ಷದ ಹಿಂದಿನ ವರ್ಷ ಹಾಗೇ ಮಾಡಿದ."

"ಹೋದ ವರ್ಷ ಇವರು ಮಾಡಿದ್ದೂ ಅದೇ," ಎಂದ ಮಸಿಯಣ್ಣ.

"ಮುಳ್ಳು ಬೇರೆ ಉದುರಿರುತ್ತೆ," ಎಂದು ಕವಲಪ್ಪ ಸೇರಿಸಿದ. "ಮುಂದೆ ಹೋದೋನ ಟ್ಯೂಬಿಗೇ ಮೊದಲು ಚುಚ್ಚೋದು."

"ಒಂದೂ ಉದುರಿಲ್ಲ. ಈಗ ತಾನೇ ನೋಡಿ ಬಂದೆ."

ಯಾರೂ ಅಲ್ಲಾಡಲಿಲ್ಲ. ಕಾಜಾಣ ತಲೆ ಒಂದು ಕಡೆಗೆ ವಾಲಿಸಿ ಇಬ್ಬರನ್ನೂ ನೋಡಿತು. ಹುಳುವನ್ನು ತಿನ್ನುವ ಮೊದಲು ಅದು ಹೀಗೆ ನೋಡುವುದುಂಟು. "ಹಾಗಾದರೆ ಸೂಜವ್ವ ಗೆದ್ದರೆ ನಿಮಗೆ ಪರವಾಗಿಲ್ವಾ?"

ಕವಲಪ್ಪ ಸ್ವಲ್ಪ ಯೋಚಿಸಿದ. "ಇವನು ಗೆಲ್ಲೋದಕ್ಕಿಂತ ವಾಸಿ."

"ನನ್ನ ಬಾಯಿಂದ ಮಾತು ಕಸಿದುಕೊಂಡಿರಿ ಅಣ್ಣ," ಎಂದ ಮಸಿಯಣ್ಣ.

ಕಾಜಾಣ ಹಾರಿಹೋಯಿತು. ತಿರುಗಿ ಬಂದಾಗ ಅದರ ದನಿ ಏರಿತ್ತು. "ಮುನ್ನೂರ ಎಂಬತ್ತು!"

ಆಗ ಇಬ್ಬರಿಗೂ ಒಟ್ಟಿಗೆ ಒರತೆ ನೆನಪಾಯಿತು. ಕಡವೆ ಮರಿಗಳು ಕೆಸರು ಕುಡಿದ ಬೇಸಿಗೆ ಕವಲಪ್ಪನ ಕಣ್ಣಮುಂದೆ ಬಂತು. ಮಸಿಯಣ್ಣನಿಗೂ ತನ್ನವರದು ಬಂತು. ಇಬ್ಬರೂ ಒಂದೇ ಸಲಕ್ಕೆ ಪೆಡಲ್ ಮೇಲೆ ಎದ್ದು ನಿಂತು ತುಳಿದರು. ಎಂಥಾ ವೇಗ! ಕಲ್ಲು ಸಿಡಿಯಿತು, ಎಲೆ ಹಾರಿತು. ಇಷ್ಟು ಹೊತ್ತು ಉಳಿಸಿಕೊಂಡ ಶಕ್ತಿ ಎಲ್ಲಿಗೆ ಹೋಗುತ್ತದೆ?

ಕೊನೆಯ ತಿರುವಿನವರೆಗೆ ಹೀಗೇ ಬಂದರು. ಅಲ್ಲಿಂದ ತುದಿ ಕಾಣುತ್ತಿತ್ತು. ಕವಲಪ್ಪ ಒಂದು ಚಕ್ರದಷ್ಟು ಮುಂದಿದ್ದ. ಸುಮ್ಮನೆ ತುಳಿದಿದ್ದರೆ ಕತೆ ಬೇರೆಯಾಗುತ್ತಿತ್ತು. ಅವನು ತಿರುಗಿ ನೋಡಿದ. ಮಸಿಯಣ್ಣ ಅವನ ಮರೆಯಲ್ಲಿದ್ದ. ಕವಲಪ್ಪ ತುಳಿಯುವುದನ್ನು ನಿಲ್ಲಿಸಿದ.

"ಮುಂದೆ ಬಾರೋ!"

"ನೀವೇ ನಡೀರಿ!"

ತುದಿಯಲ್ಲಿ ಸೂಜವ್ವ ಅಷ್ಟರಲ್ಲಿ ಸೈಕಲ್ಲಿನಿಂದ ಇಳಿದಾಗಿತ್ತು. ನಿಲ್ಲಲು ಆಗದೆ ಬಂಡೆಗೆ ಒರಗಿ ಕೂತಿದ್ದಳು. ಎರಡು ಮರಿಗಳೂ ಅವಳ ಮುಂಗಾಲು ಹಿಡಿದುಕೊಂಡಿದ್ದವು. ಕುಟ್ಟಾಚಾರಿ ಕುಟ್ಟುತ್ತಿದ್ದ. ಮುನ್ನೂರ ಒಂದು. ಮುನ್ನೂರ ಎರಡು.

"ಅವ್ವಾ, ಎಷ್ಟು ಆಗಬೇಕು?" ಎಂದಿತು ದೊಡ್ಡ ಮರಿ.

"ಮುನ್ನೂರ ಹನ್ನೊಂದು. ಮಾತಾಡಬೇಡ, ಎಣಿಸು."

ಮುನ್ನೂರ ಎಂಟು. ಕೆಳಗೆ ಸೈಕಲ್ಲಿನ ಸದ್ದು. ಮುನ್ನೂರ ಹತ್ತು. ತಿರುವಿನಲ್ಲಿ ಯಾರೋ ಬೈದಾಡಿಕೊಳ್ಳುವುದು ಕೇಳಿಸಿತು. ಮುನ್ನೂರ ಹನ್ನೊಂದು. ಮರಿ ಎಣಿಸುವುದನ್ನು ಮರೆತು ಕಿರುಚಿತು.

ಮುನ್ನೂರ ಹದಿನೆಂಟನೆಯ ಕುಟುಕಿಗೆ ಕವಲಪ್ಪನೂ ಮಸಿಯಣ್ಣನೂ ಭುಜಕ್ಕೆ ಭುಜ ತಾಗಿಸಿಕೊಂಡು ತುದಿ ಮುಟ್ಟಿದರು. ಇಬ್ಬರೂ ಒಂದೇ ಉಸಿರಿಗೆ ಕೇಳಿದರು: "ನಮ್ಮಿಬ್ಬರಲ್ಲಿ ಯಾರು ಮುಂದೆ?"

"ಒಟ್ಟಿಗೆ ಬಂದಿರಿ," ಎಂದ ಕುಟ್ಟಾಚಾರಿ. "ಮೂರು ದಿನದ ಲೆಕ್ಕದಲ್ಲಿ ಸೂಜವ್ವ ಗೆದ್ದಳು. ಕವಲಪ್ಪ ಅವಳಿಗಿಂತ ಎಂಟು ಕುಟುಕು ಹಿಂದೆ, ಮಸಿಯಣ್ಣ ಹನ್ನೆರಡು."

ಎಂಟು ಕುಟುಕು ಎಂದರೆ ಎಷ್ಟು ಹೊತ್ತು? 'ಮುಂದೆ ಬಾರೋ', 'ನೀವೇ ನಡೀರಿ' ಎಂದು ಒಂದು ಸಲ ಹೇಳುವಷ್ಟು. ಕಾಜಾಣ ಆಮೇಲೆ ಹೇಳಿ ನೋಡಿ ಎಣಿಸಿತು. ಸರಿಹೋಯಿತು.

ಮರುದಿನ ಬೆಳಿಗ್ಗೆ ಎಲ್ಲರೂ ಒರತೆಯ ಹತ್ತಿರ ಸೇರಿದರು. ಹೊಸ ಯಜಮಾನಿ ಏನು ಹೇಳುತ್ತಾಳೋ ಎಂದು ಎಲ್ಲರಿಗೂ ಅಳುಕು. ಮುಳ್ಳುಹಂದಿಗಳೇ ಮೊದಲು ಎನ್ನುತ್ತಾಳೆ ಎಂದು ಕೆಲವರು ಪಿಸುಗುಟ್ಟಿದರು.

"ಮರಿಗಳು ಮೊದಲು," ಎಂದಳು ಸೂಜವ್ವ. "ಯಾರ ಮರಿ ಆದರೂ ಸರಿ. ಆಮೇಲೆ ಮರಿ ಇರೋ ತಾಯಂದಿರು, ಆಮೇಲೆ ಉಳಿದವರು. ಕೊನೆಗೆ ಎರಡು ಜಾಗ ಇದೆ. ಅವು ಕವಲಪ್ಪಂಗೆ, ಮಸಿಯಣ್ಣಂಗೆ. ಅದರಲ್ಲಿ ಯಾರು ಮುಂದೆ ಅನ್ನೋದನ್ನ ಅವರೇ ಗೊತ್ತುಮಾಡಿಕೊಳ್ಳಲಿ."

ಮರಿಗಳು ಕುಡಿದವು, ತಾಯಂದಿರು ಕುಡಿದರು, ತಮ್ಮಂದಿರೂ ಭಾವಮೈದುನರೂ ಕುಡಿದರು. ಹೊಂಡದಲ್ಲಿ ಇನ್ನೂ ಇಬ್ಬರಿಗೆ ಸಾಕಾಗುವಷ್ಟು ನೀರಿತ್ತು.

"ನಾನು ಎಂಟು ಕುಟುಕು ಹಿಂದೆ, ನೀನು ಹನ್ನೆರಡು. ನಾನು ಮೊದಲು," ಎಂದ ಕವಲಪ್ಪ.

"ಗಾಳಿಗುಡ್ಡಕ್ಕೆ ಒಟ್ಟಿಗೆ ಬಂದಿದೀವಿ. ದೊಡ್ಡ ಹೊಟ್ಟೆಯೋರು ಆಮೇಲೆ ಕುಡೀಬೇಕು," ಎಂದ ಮಸಿಯಣ್ಣ.

ಕವಲಪ್ಪ ಒಂದು ಹೆಜ್ಜೆ ಇಟ್ಟ. ಮಸಿಯಣ್ಣ ಅಡ್ಡ ಬಂದ. ಮಸಿಯಣ್ಣ ಬಗ್ಗಿದ. ಕವಲಪ್ಪ ಕೊಂಬು ಅಡ್ಡ ಹಿಡಿದ. ಬಿಸಿಲು ಏರಿತು. ಬಂಡೆ ಕಾಯಿತು. ಹೊಂಡದ ನೀರು ಬೆರಳಷ್ಟು ಇಳಿಯಿತು, ಆಮೇಲೆ ಇನ್ನೊಂದು ಬೆರಳಷ್ಟು.

ಕಾಜಾಣ ಒಣಮರದ ಮೇಲೆ ಕೂತು ನೋಡುತ್ತಿತ್ತು. ನಿನ್ನೆ ಏರಿನಲ್ಲಿ ಇಬ್ಬರಿಗೂ ಮುಂದೆ ಹೋಗುವುದು ಬೇಡವಾಗಿತ್ತು. ಇವತ್ತು ನೀರಿನ ಹತ್ತಿರ ಇಬ್ಬರಿಗೂ ಹಿಂದೆ ನಿಲ್ಲುವುದು ಬೇಡ. ಯಾಕೆ ಎಂದು ಕೇಳಲು ಅದು ಬಾಯಿ ತೆರೆಯಿತು. ಮತ್ತೆ ಏನನ್ನಿಸಿತೋ, ಕೆಳಗಿಳಿದು, ಇಬ್ಬರ ನಡುವೆ ಕೊಕ್ಕು ಅದ್ದಿ, ಹೊಟ್ಟೆ ತುಂಬ ನೀರು ಕುಡಿದು ಹಾರಿಹೋಯಿತು.

ನೀತಿ: ಪಕ್ಕದವನು ಗೆಲ್ಲಬಾರದು ಎಂಬುದೇ ನಮ್ಮ ಗುರಿಯಾದರೆ ಆ ಗುರಿ ಈಡೇರಬಹುದು, ನಮಗೆ ಸಿಗುವುದೂ ಅಷ್ಟೇ.